ಲೇಹ್‌ನಿಂದ ಪಾಂಗಾಂಗ್‌ಗೆ, ಎತ್ತರದ ನಕ್ಷೆ ಓದುತ್ತಾ

ಲಡಾಖ್‌ನಲ್ಲಿ ಹೊರಗಿನ ಪ್ರಿಪೇಯ್ಡ್ ಸಿಮ್ ನಡೆಯುವುದಿಲ್ಲ. ಹಾಗಾಗಿ ನಕ್ಷೆಯ ಕೆಲಸವನ್ನು ಊರು ಬಿಡುವ ಮೊದಲೇ ಮುಗಿಸಬೇಕು. ಕಂಪ್ಯೂಟರಿನ ಗೂಗಲ್ ಅರ್ಥ್ ಪ್ರೊನಲ್ಲಿ ಲೇಹ್‌ನಿಂದ ಖರ್ದುಂಗ್ ಲಾ ಎಂಬ ಬೆಟ್ಟದ ಘಾಟಿ ದಾಟಿ ಹುಂಡರ್ ಊರಿಗೆ ಹೋಗುವ ರಸ್ತೆಯ ಮೇಲೆ ಗೆರೆ ಎಳೆದು, ರೈಟ್ ಕ್ಲಿಕ್ ಮಾಡಿ ಎಲಿವೇಶನ್ ಪ್ರೊಫೈಲ್ (ದಾರಿಯ ಏರಿಳಿತದ ರೇಖಾಚಿತ್ರ) ತೆರೆಯಿರಿ. ಸೆಟ್ಟಿಂಗ್‌ನಲ್ಲಿ ಎಲಿವೇಶನ್ ಎಗ್ಸಾಜರೇಶನ್ (ಎತ್ತರವನ್ನು ಹಿಗ್ಗಿಸಿ ತೋರಿಸುವ ಪ್ರಮಾಣ) 1 ಇರಲಿ. 3ಕ್ಕೆ ಏರಿಸಿದರೆ ಸಾಧಾರಣ ಇಳಿಜಾರೂ ಗೋಡೆಯಂತೆ ಕಾಣುತ್ತದೆ.

ಲೇಹ್ ಸುಮಾರು 3,500 ಮೀಟರ್. ಅಲ್ಲಿಂದ 40 ಕಿ.ಮೀ. ದೂರದ ಖರ್ದುಂಗ್ ಲಾದಲ್ಲಿ ನಿಂತ ಹಳೆಯ ಫಲಕ 18,380 ಅಡಿ, ಅಂದರೆ 5,602 ಮೀಟರ್ ಎನ್ನುತ್ತದೆ. ಜಿಪಿಎಸ್ ಅಳತೆ ತೋರಿಸುವುದು 5,359. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಸಂಗ್ರಹಿಸಿದ ಎತ್ತರದ ಮಾಹಿತಿಯೂ ಇದರ ಆಸುಪಾಸಿನಲ್ಲೇ ಇದೆ. ಈ ವಿಷಯದಲ್ಲಿ ಫಲಕಕ್ಕಿಂತ ನಕ್ಷೆಯನ್ನೇ ನಂಬಬೇಕು.

ಆದರೆ ಆ ಮಾಹಿತಿಯ ಒಂದೊಂದು ಚೌಕವೂ ಸುಮಾರು 30 ಮೀಟರ್ ಅಗಲದ್ದು. 35 ಡಿಗ್ರಿ ಇಳಿಜಾರಿನಲ್ಲಿ ನಿಮ್ಮ ಗೆರೆ 30 ಮೀಟರ್ ಪಕ್ಕಕ್ಕೆ ಸರಿದರೂ ಎತ್ತರದಲ್ಲಿ 21 ಮೀಟರ್ ತಪ್ಪುತ್ತದೆ. ಹೇರ್‌ಪಿನ್ ತಿರುವುಗಳಲ್ಲಿ ಪ್ರೊಫೈಲ್ ಗರಗಸದ ಹಲ್ಲಿನಂತೆ ಏರಿಳಿಯುವುದು ಇದರಿಂದಲೇ. ಅಲ್ಲಿಲ್ಲದ ಏರುಗಳೆಲ್ಲ ಒಟ್ಟು ಏರಿಕೆಯ ಲೆಕ್ಕಕ್ಕೆ ಸೇರಿಬಿಡುತ್ತವೆ. ತಿರುವುಗಳಲ್ಲಿ ಬಿಂದುಗಳನ್ನು ಒತ್ತೊತ್ತಾಗಿ ಇಡಿ. ಸೈಕಲ್ ಸವಾರರು ಒಟ್ಟು ಏರಿಕೆ ನೋಡಿ ಗಾಬರಿಯಾಗದೆ, ತಳಕ್ಕೂ ತುದಿಗೂ ಇರುವ ವ್ಯತ್ಯಾಸದಿಂದ ಲೆಕ್ಕ ಶುರುಮಾಡಲಿ. ಕಿರಿದಾದ ಕೊರಕಲುಗಳ ಕಥೆ ಇನ್ನೂ ಗಂಭೀರ. ಹದಿನೈದು ಮೀಟರ್ ಅಗಲದ ಕೊರಕಲು ನಕ್ಷೆಯಲ್ಲಿ ಅರ್ಧ ಮುಚ್ಚಿಹೋಗಿ, ಆರಾಮಾಗಿ ದಾಟಬಹುದೆಂಬ ಭ್ರಮೆ ಹುಟ್ಟಿಸುತ್ತದೆ. ಚಾರಣದ ದಾರಿಯನ್ನು ಉಪಗ್ರಹ ಚಿತ್ರದೊಂದಿಗೆ ಹೋಲಿಸದೆ ನಿರ್ಧರಿಸಬೇಡಿ.

ಖರ್ದುಂಗ್ ಲಾ ದಾಟಿದ ಮೇಲೆ ರಸ್ತೆ 2,200 ಮೀಟರಿಗೂ ಹೆಚ್ಚು ಇಳಿದು ಹುಂಡರ್ ಸೇರುತ್ತದೆ. ಇಲ್ಲಿನ ಮರಳು ದಿನ್ನೆಗಳು ಗಾತ್ರದಲ್ಲಿ ಚಿಕ್ಕವು. ನಕ್ಷೆಯಲ್ಲಿ ಶ್ಯೋಕ್ ನದಿಯ ಪಾತ್ರ ಬರೀ ಸಪಾಟಾಗಿ ಕಾಣುತ್ತದೆ. ಪಕ್ಕದ ಹಳ್ಳಗಳ ಬಾಯಲ್ಲಿ ಕಾಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಬೀಸಣಿಗೆಯ ಅಂಚಿನಂತೆ ಹೊರಕ್ಕೆ ಬಾಗಿರುವುದನ್ನು ಮಾತ್ರ ಗಮನಿಸಿ. ಹಳ್ಳ ತಂದು ಹಾಕಿದ ಮಣ್ಣು ಕಲ್ಲುಗಳ ಆ ಹಾಸಿನ ಮೇಲೇ ಬಾರ್ಲಿ ಹೊಲ, ಊರು, ಮರಗಳಿವೆ. ನೀರಿರುವ ಜಾಗ ಎಂಬುದರ ಗುರುತು ಅದು. ಪ್ರವಾಹ ನುಗ್ಗುವ ದಾರಿಯೂ ಅದೇ. 2010ರ ಆಗಸ್ಟ್‌ನಲ್ಲಿ ಲೇಹ್ ಮತ್ತು ಚೋಗ್ಲಮ್ಸರ್‌ನಲ್ಲಿ ಮೇಘಸ್ಫೋಟವಾದಾಗ ಆದ ಸಾವುನೋವು ಇದನ್ನು ತೋರಿಸಿಕೊಟ್ಟಿದೆ. ಡೇರೆ ಹಾಕುವವರು ಹಳ್ಳದ ಒಣ ಪಾತ್ರ ಬಿಟ್ಟು ಎತ್ತರದ ಬದಿಗೆ ಸರಿಯಬೇಕು.

ದೇಹಕ್ಕೆ ಮುಖ್ಯವಾದದ್ದು ರಾತ್ರಿ ಮಲಗುವ ಎತ್ತರ. ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ ಕಳೆದು ಹುಂಡರ್‌ಗೆ ಹೋದರೆ ಮಲಗುವುದು ಸುಮಾರು 3,100 ಮೀಟರಿನಲ್ಲಿ, ಅಂದರೆ ಲೇಹ್‌ಗಿಂತ ಕೆಳಗೆ. ನಡುವೆ ಸಿಗುವ ಖರ್ದುಂಗ್ ಲಾದ ಎತ್ತರದಲ್ಲಿ ಹೆಚ್ಚು ಹೊತ್ತು ನಿಲ್ಲದಿದ್ದರೆ ಸಾಕು. ಪಾಂಗಾಂಗ್ ಸರೋವರ ಸುಮಾರು 4,250 ಮೀಟರ್. ಹುಂಡರ್‌ನಿಂದ ಶ್ಯೋಕ್ ದಂಡೆಯ ರಸ್ತೆಯಲ್ಲಿ ಒಂದೇ ದಿನದಲ್ಲಿ ಅಲ್ಲಿಗೆ ಹೋಗಿ ಮಲಗಿದರೆ 1,100 ಮೀಟರಿಗೂ ಹೆಚ್ಚಿನ ಜಿಗಿತ. ತಲೆನೋವು, ವಾಂತಿ ಶುರುವಾಗುವುದು ಇಂಥ ರಾತ್ರಿಗಳಲ್ಲೇ. ನಡುವೆ ತಾಂಗ್‌ತ್ಸೆಯಲ್ಲಿ, ಸುಮಾರು 3,900 ಮೀಟರಿನಲ್ಲಿ, ತಂಗುವುದು ಒಳ್ಳೆಯದು. ಶ್ಯೋಕ್ ರಸ್ತೆಗೆ ಮುಂಜಾನೆಯೇ ಹೊರಡಿ: ಹಿಮ ಕರಗಿದ ನೀರು ಮಧ್ಯಾಹ್ನದ ಹೊತ್ತಿಗೆ ಅಡ್ಡ ಹಳ್ಳಗಳಲ್ಲಿ ಏರಿ ರಸ್ತೆಯ ಮೇಲೆ ಹರಿಯುತ್ತದೆ. ಯಾವ ಹಳ್ಳದ ತಲೆಯಲ್ಲಿ ಹಿಮನದಿ ಇದೆ ಎಂಬುದನ್ನು ಉಪಗ್ರಹ ಚಿತ್ರದಲ್ಲಿ ಮೊದಲೇ ಗುರುತು ಹಾಕಿಟ್ಟುಕೊಳ್ಳಿ.