ಕೇಂಬ್ರಿಜ್ಜಿನಲ್ಲಿ ಮಲಗಿದ್ದ ಸೀಲ್

ಲಂಡನ್ನಿನಿಂದ ಕೇಂಬ್ರಿಜ್‌ಗೆ ರೈಲಿನಲ್ಲಿ ಹೋಗುವವರು ದಯವಿಟ್ಟು ನಿದ್ದೆ ಮಾಡಬೇಡಿ. ಮುಂದೆ ಕೇಂಬ್ರಿಜ್ ನಾರ್ತ್ ಅಂತ ಇನ್ನೊಂದು ಸ್ಟೇಷನ್ ಇದೆ. ನಾನೂ ಅಮ್ಮನೂ ಕಣ್ಣು ಬಿಟ್ಟದ್ದು ಅಲ್ಲೇ. ವಾಪಸ್ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹಾಳು, ಮೇಲೆ ಅಮ್ಮನ ಬೈಗುಳ ಬೇರೆ.

ಕಾಲೇಜು, ಚರ್ಚು, ನದಿಯ ದೋಣಿ ಎಲ್ಲ ನೋಡಿದ್ದಾಯಿತು. ಮಳೆ ಹಿಡಿದುಕೊಂಡಿತು ಅಂತ ಲೆನ್ಸ್‌ಫೀಲ್ಡ್ ರಸ್ತೆಯಲ್ಲಿ, ಧ್ರುವಯಾತ್ರೆಗಳ ವಸ್ತುಗಳನ್ನಿಟ್ಟಿರುವ ಪೋಲಾರ್ ಮ್ಯೂಸಿಯಂ ಒಳಗೆ ನುಗ್ಗಿದೆವು. ಟಿಕೆಟ್ ಇಲ್ಲ. ಹಿಮದ ಮೇಲೆ ಎಳೆಯುವ ಹಳೇ ಸ್ಲೆಡ್ಜು, ಬೂಟುಗಳ ಮುಂದೆ ಅಮ್ಮ ಆಕಳಿಸುತ್ತಾ ಬಂದರು. ಮಂದ ಬೆಳಕಿನಲ್ಲಿದ್ದ ಒಂದು ಪುಟ್ಟ ಜಲವರ್ಣದ ಮುಂದೆ ಮಾತ್ರ ನಿಂತೇಬಿಟ್ಟರು.

"ನೀರುನಾಯಿ ಅಲ್ವೇನೋ ಇದು?"

"ಅಲ್ಲಮ್ಮ, ಅದು ನಮ್ಮ ತುಂಗಭದ್ರೆಯಲ್ಲಿರೋದು. ಇದು ಸೀಲ್."

ಅಂಟಾರ್ಕ್ಟಿಕಾದ ವೆಡೆಲ್ ಸೀಲ್. ಮೂರು ಮೀಟರ್ ಉದ್ದದ ಮೈ, ಅದಕ್ಕೆ ಹೊಂದದ ಸಣ್ಣ ತಲೆ, ನಗುತ್ತಿರುವಂಥ ಬಾಯಿ. ಉಸಿರಾಡುವ ಕಂಡಿ ಮುಚ್ಚಿಹೋಗದಂತೆ ಹಲ್ಲಿನಿಂದಲೇ ಮಂಜುಗಡ್ಡೆ ಕೆರೆಯುವ ಪ್ರಾಣಿ. ಊಟ ಮುಗಿಸಿ ಜಗಲಿಯ ಮೇಲೆ ಒರಗಿದ ಯಜಮಾನರ ಹಾಗೆ ಮಲಗಿತ್ತು.

ಬರೆದವರು ಎಡ್ವರ್ಡ್ ವಿಲ್ಸನ್. ಡಾಕ್ಟರು, ಪ್ರಾಣಿಶಾಸ್ತ್ರಜ್ಞ. 1901ರಲ್ಲೊಮ್ಮೆ, 1910ರಲ್ಲೊಮ್ಮೆ ಬ್ರಿಟಿಷ್ ಅನ್ವೇಷಕ ಕ್ಯಾಪ್ಟನ್ ಸ್ಕಾಟ್ ಜೊತೆ ಅಂಟಾರ್ಕ್ಟಿಕಾಕ್ಕೆ ಹೋದವರು.

"ಅಷ್ಟು ಚಳೀಲಿ ಬಣ್ಣ ಕಲಸಿದ ನೀರು ಗಟ್ಟಿಯಾಗಲ್ವಾ? ಕೇಳೋ ಅವರನ್ನ," ಅಂದರು ಅಮ್ಮ.

ನನಗೆ ಹೊಳೆಯದ ಪ್ರಶ್ನೆ. ಅಲ್ಲಿ ಕುಳಿತಿದ್ದ ಮ್ಯೂಸಿಯಂನ ವಯಸ್ಸಾದ ಹೆಂಗಸಿನ ಮುಖ ಅರಳಿತು. ಹೌದು, ಗಟ್ಟಿಯಾಗುತ್ತಿತ್ತಂತೆ. ಅದಕ್ಕೇ ಹೊರಗಡೆ ಬರೀ ಪೆನ್ಸಿಲ್. ಕೈಗವಸು ತೆಗೆದು ನಾಲ್ಕು ಗೆರೆ ಎಳೆಯುವುದು, ಬೆರಳು ಮರಗಟ್ಟಿದರೆ ಮತ್ತೆ ಹಾಕಿಕೊಳ್ಳುವುದು. ಎಲ್ಲಿ ಯಾವ ಬಣ್ಣ ಅಂತ ಗೆರೆಗಳ ಮೇಲೇ ಅಕ್ಷರದಲ್ಲಿ ಬರೆದಿಡುವುದು. ಆಮೇಲೆ ಬಿಡಾರದಲ್ಲಿ ದೀಪ ಹಚ್ಚಿ, ಆ ಮಾತುಗಳನ್ನು ಓದಿಕೊಂಡು ಬಣ್ಣ ತುಂಬುವುದು. ಹಿಮದ ಬೆಳಕಿನಲ್ಲಿ ಕನ್ನಡಕ ತೆಗೆದು ಬರೆದೂ ಬರೆದೂ ಒಮ್ಮೆ ಕಣ್ಣೇ ಕಾಣದಾಯಿತು. ಬಟ್ಟೆ ಕಟ್ಟಿಕೊಂಡೇ ಸ್ಲೆಡ್ಜು ಎಳೆದರು.

"ಅವರು ಊಟಕ್ಕೆ ಏನು ಮಾಡ್ತಿದ್ರಂತೆ?"

ಆಕೆ ಚಿತ್ರದ ಕಡೆಗೇ ಕೈ ತೋರಿಸಿದರು. ಸೀಲ್ ಮಾಂಸ. ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗ ಬರದಂತೆ ತಡೆದದ್ದೂ ಅದೇ.

ಅಮ್ಮ ಮತ್ತೆ ಹತ್ತಿರ ಹೋಗಿ ನೋಡಿದರು. "ತಿಂದವರೇ ಇಷ್ಟು ಪ್ರೀತಿಯಿಂದ ಬರೆದ್ರಾ?" ಅಮ್ಮ ಎಷ್ಟೋ ಹೊತ್ತು ಉತ್ತರಕ್ಕೆ ಕಾದರು. ನಾನು ಅನುವಾದ ಮಾಡಲಿಲ್ಲ.

1912ರ ಮಾರ್ಚಿನಲ್ಲಿ, ದಕ್ಷಿಣ ಧ್ರುವ ಮುಟ್ಟಿ ಹಿಂತಿರುಗುವಾಗ, ವಿಲ್ಸನ್ ಸ್ಕಾಟ್ ಜೊತೆ ಟೆಂಟಿನಲ್ಲೇ ತೀರಿಕೊಂಡರು. ವಯಸ್ಸು 39. ಟೆಂಟು ಸಿಕ್ಕಿದ್ದು ನವೆಂಬರಿನಲ್ಲಿ.

ವಾಪಸ್ ರೈಲಿನಲ್ಲಿ ಇಬ್ಬರೂ ನಿದ್ದೆ ಮಾಡಲಿಲ್ಲ. ಸುಮ್ನೆ ನೋಡೋಣ ಅಂತ ಟಿಕೆಟ್ಟಿನ ಹಿಂದೆ ಕಿಟಕಿಯಾಚೆಯ ಆಕಾಶದ ಬಣ್ಣ ಬರೆಯಲು ಹೋದೆ. 'ಬೂದಿ' ಅಂತ ಬರೆದೆ. ಅಮ್ಮ ಇಣುಕಿ ನೋಡಿದರು.

"ಬೂದಿ ಎಲ್ಲಿ ಬಂತೋ? ಎರಡನೇ ಸಲ ಅಕ್ಕಿ ತೊಳೆದ ನೀರು, ಹಾಗೆ ಬರಿ."