ಪಕ್ಕದಲ್ಲಿ ಒಂದು ದಾಳ ಇಟ್ಟರೆ ಸಾಲದೇ?

ಪುಟ್ಟ ಯೋಧರ ಬೊಂಬೆಗಳನ್ನು ಮೇಜಿನ ಮೇಲೆ ನಡೆಸುತ್ತಾ ಆಡುವ ಮಿನಿಯೇಚರ್ ಯುದ್ಧದಾಟಕ್ಕೆ ಕುಳಿತು, ಯಾರಿಗೆ ಏನಾಗಿದೆ ಎಂದು ಗುರುತಿಸಲು ಇಡುವ ಬಿಲ್ಲೆಗಳ, ಅಂದರೆ ಟೋಕನ್‌ಗಳ, ನನ್ನ ಡಬ್ಬಿ ತೆರೆದಾಗಲೆಲ್ಲ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳುತ್ತಾರೆ. ಗಾಯಗೊಂಡ ಯೋಧನ ಪಕ್ಕದಲ್ಲಿ ಒಂದು ದಾಳವನ್ನೋ ನಾಣ್ಯವನ್ನೋ ಇಟ್ಟರೆ ಕೆಲಸ ಮುಗಿಯಿತಲ್ಲ, ರಟ್ಟು ಕತ್ತರಿಸಿ ಬಣ್ಣ ಬಳಿಯುತ್ತಾ ಸಂಜೆಗಳನ್ನೇಕೆ ಕಳೆಯುತ್ತೀರಿ ಎನ್ನುತ್ತಾರೆ.

ಸಾಲದು ಎಂಬುದೇ ನನ್ನ ಉತ್ತರ. ದಾಳವನ್ನು ಕಂಡರೆ ಕೈ ಅದನ್ನು ಎತ್ತಿಕೊಳ್ಳುತ್ತದೆ. ಒಮ್ಮೆ ನನ್ನ ಎದುರಾಳಿ, ನಾಯಕನ ಪಕ್ಕದಲ್ಲಿದ್ದ ದಾಳವನ್ನೂ ತನ್ನ ಹಿಡಿಯೊಳಗೆ ಸೇರಿಸಿಕೊಂಡು ಉರುಳಿಸಿಬಿಟ್ಟರು. ನಾಯಕನಿಗೆ ಆಗಿದ್ದು ಮೂರು ಗಾಯವೋ ನಾಲ್ಕೋ? ಇಬ್ಬರಿಗೂ ನೆನಪಿರಲಿಲ್ಲ. ಎರಡು ಗಂಟೆ ಬಿಗಿಯಾಗಿ ಸಾಗಿದ್ದ ಆಟ ಅಲ್ಲಿಂದ ಮುಂದೆ ಊಹೆಯ ಮೇಲೆ ನಡೆಯಿತು. ಟೋಕನ್ ಇರುವುದು ಇಬ್ಬರ ಪರವಾಗಿ ನೆನಪಿಟ್ಟುಕೊಳ್ಳಲು. ಆ ಕೆಲಸವನ್ನು ಬೇರೊಂದು ಕೆಲಸಕ್ಕೆ ಬಳಸುವ ವಸ್ತುವಿಗೆ ಒಪ್ಪಿಸಬಾರದು.

ಹಾಗೆಂದು ಕಂಡದ್ದಕ್ಕೆಲ್ಲ ಟೋಕನ್ ಮಾಡುವುದಿಲ್ಲ. ಹೊಸ ಆಟವೊಂದನ್ನು ಮೊದಲು ಎರಡು ಮೂರು ಬಾರಿ ಬರಿಯ ಕಾಗದದ ಚೂರುಗಳನ್ನಿಟ್ಟು ಆಡುತ್ತೇನೆ. "ಇವನು ಈ ಸುತ್ತಿನಲ್ಲಿ ನಡೆದಾಯಿತೇ?", "ಇವರು ಇನ್ನೂ ಬೆದರಿಕೊಂಡೇ ಇದ್ದಾರೆಯೇ?" ಎಂದು ಯಾರಾದರೂ ಕೇಳಿದಾಗಲೆಲ್ಲ ಅದನ್ನು ಬರೆದಿಡುತ್ತೇನೆ. ಮರೆತುಹೋಗುವ ಸಂಗತಿಗಳಿಗೆ ಮಾತ್ರ ಟೋಕನ್ ಬೇಕು. ನೋಡಿದರೇ ತಿಳಿಯುವುದಕ್ಕೆ ಬೇಡ.

ಇನ್ನು ಗಾತ್ರದ ವಿಷಯ. ಇಲ್ಲಿ ಬಹಳ ಜನ ಎಡವುತ್ತಾರೆ. ಗಾಯ, ಭಯ, ದಣಿವುಗಳನ್ನು ಸೂಚಿಸುವ ಟೋಕನ್ ಎಷ್ಟು ದೊಡ್ಡದಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ, ದಾರಿಗೆ ಅಡ್ಡವಾಗದಿದ್ದರೆ ಸಾಕು. ಆದರೆ ಗುರಿ (ಆಟಗಾರರು ವಶಪಡಿಸಿಕೊಳ್ಳಬೇಕಾದ ಜಾಗ), ಹೊಗೆ, ನೆಲಬಾಂಬುಗಳ ಟೋಕನ್ ಅಂಚಿನಿಂದಲೇ ದೂರ ಅಳೆಯುತ್ತೇವೆ. ವಾರ್ಹ್ಯಾಮರ್ 40,000 ಆಟದ 2023ರ ಆವೃತ್ತಿಯಲ್ಲಿ ಗುರಿಯನ್ನು ಸೂಚಿಸುವುದು 40 ಮಿ.ಮೀ. ಅಗಲದ ವೃತ್ತ, ಅದರಿಂದ 3 ಅಂಗುಲದೊಳಗಿದ್ದವರು ಅದರ ವ್ಯಾಪ್ತಿಯಲ್ಲಿದ್ದಾರೆಂದು ಲೆಕ್ಕ. ಕಣ್ಣಂದಾಜಿನಲ್ಲಿ 44 ಮಿ.ಮೀ. ಕತ್ತರಿಸಿದರೆ ಸುತ್ತಲೂ 2 ಮಿ.ಮೀ. ಉಡುಗೊರೆ ಕೊಟ್ಟಂತಾಗುತ್ತದೆ. ಗೆಲುವು ಸೋಲು ಅಷ್ಟರಲ್ಲೇ ತೀರ್ಮಾನವಾಗುವುದನ್ನು ನೋಡಿದ್ದೇನೆ. ಈ ಎಚ್ಚರ ಹೊಸದೇನಲ್ಲ. ಪ್ರಷ್ಯಾದ ಸೇನಾಧಿಕಾರಿ ಫೊನ್ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ಕ್ರೀಗ್‌ಸ್ಪೀಲ್ ಯುದ್ಧದಾಟದಲ್ಲಿ ಪಡೆಗಳ ಬದಲಿಗೆ ಇಡುತ್ತಿದ್ದ ಲೋಹದ ತುಂಡುಗಳನ್ನು ನಕ್ಷೆಯ ಅಳತೆಗೆ ತಕ್ಕಂತೆ ಮಾಡಿರುತ್ತಿದ್ದರು. ಪಡೆಯೊಂದು ನೆಲದ ಮೇಲೆ ಎಷ್ಟು ಜಾಗ ಹಿಡಿಯುವುದೋ, ತುಂಡು ನಕ್ಷೆಯ ಮೇಲೆ ಅಷ್ಟನ್ನೇ ಹಿಡಿಯುತ್ತಿತ್ತು. ಹೊಗೆಗೆ ಹತ್ತಿ ಅಂಟಿಸುವವರೂ ಇದನ್ನು ಗಮನಿಸಬೇಕು. ಹತ್ತಿ ನೋಡಲು ಚೆಂದ, ಆದರೆ ಅದಕ್ಕೆ ಅಂಚಿಲ್ಲ. ಅಳತೆಗೆ ಕತ್ತರಿಸಿದ ರಟ್ಟು ಅದರ ಕೆಳಗೆ ಕಾಣುವಂತಿರಲಿ.

ಸಾಮಗ್ರಿಯಲ್ಲಿ ನನಗೆ ಅತಿ ಪ್ರಿಯವಾದದ್ದು ಪುಸ್ತಕಕ್ಕೆ ಕಟ್ಟು ಹಾಕುವಾಗ ಬಳಸುವ 2 ಮಿ.ಮೀ. ದಪ್ಪದ ರಟ್ಟು. ಬೆರಳಿಗೆ ಸಿಗುವಷ್ಟು ದಪ್ಪ, ಗಾಳಿಗೆ ಹಾರದಷ್ಟು ತೂಕ. ಒಂದೇ ಏಟಿಗೆ ಕತ್ತರಿಸಲು ಹೊರಟರೆ ಬ್ಲೇಡು ಜಾರುತ್ತದೆ, ಅಂಚು ಹರಿಯುತ್ತದೆ. ಉಕ್ಕಿನ ಅಳತೆಪಟ್ಟಿ ಇಟ್ಟು, ಹೊಸ ಬ್ಲೇಡಿನಿಂದ, ಹಗುರವಾಗಿ ಐದಾರು ಬಾರಿ ಗೀರಬೇಕು. ಬ್ಲೇಡಿನಲ್ಲಿ ವೃತ್ತ ಕತ್ತರಿಸುವುದು ಕಷ್ಟ. ಆದ್ದರಿಂದ ವೃತ್ತವನ್ನು ಅಳತೆಯ ಟೋಕನ್‌ಗಳಿಗೆ ಮೀಸಲಿಟ್ಟು, ಉಳಿದವನ್ನು ಚೌಕ, ತ್ರಿಕೋನಗಳಲ್ಲಿ ಮಾಡುತ್ತೇನೆ.

ಚಿತ್ರ ಮುದ್ರಿಸಿದ ಕಾಗದವನ್ನು ಒಂದೇ ಮಗ್ಗುಲಿಗೆ ಅಂಟಿಸಿದರೆ ಬೆಳಗಾಗುವಷ್ಟರಲ್ಲಿ ರಟ್ಟು ಬಟ್ಟಲಿನಂತೆ ಬಾಗಿರುತ್ತದೆ. ಅಂಟಿನ ತೇವಕ್ಕೆ ಹಿಗ್ಗಿದ ಕಾಗದ ಒಣಗುತ್ತಾ ಕುಗ್ಗಿ, ರಟ್ಟನ್ನು ತನ್ನತ್ತ ಎಳೆಯುವುದೇ ಇದಕ್ಕೆ ಕಾರಣ. ಎರಡೂ ಮಗ್ಗುಲಿಗೆ ಅಂಟಿಸಿ ರಾತ್ರಿಯಿಡೀ ಭಾರ ಹೇರಿಡಿ. ಹಿಂಬದಿಯೂ ವ್ಯರ್ಥವಾಗುವುದಿಲ್ಲ: ಮುಂದೆ "ಸಿದ್ಧ", ಹಿಂದೆ "ಸರದಿ ಮುಗಿದಿದೆ" ಎಂದಿದ್ದರೆ ಟೋಕನ್ ಎತ್ತಿಡುವ ಬದಲು ಮಗುಚಿದರಾಯಿತು. ಇಂಕ್‌ಜೆಟ್ ಮುದ್ರಣದ ಮೇಲೆ ನೀರಿನಲ್ಲಿ ಕರಗುವ ವಾರ್ನಿಷನ್ನು ಕುಂಚದಿಂದ ಎಳೆದರೆ ಶಾಯಿ ಹರಡಬಹುದು. ಲೇಸರ್ ಮುದ್ರಣಕ್ಕೆ ಆ ಭಯವಿಲ್ಲ. ಕತ್ತರಿಸಿದ ಅಂಚಿಗೆ ಕಪ್ಪು ಮಾರ್ಕರ್ ಎಳೆಯಲು ಮರೆಯಬೇಡಿ. ಅರ್ಧ ನಿಮಿಷದ ಈ ಕೆಲಸದಿಂದ ಟೋಕನ್‌ಗೆ ಬರುವ ಅಚ್ಚುಕಟ್ಟುತನ ಬೇರಾವುದರಿಂದಲೂ ಬರುವುದಿಲ್ಲ.

ಬಣ್ಣದ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ. ವಿಷಕ್ಕೆ ಕೆಂಪು, ಚೇತರಿಕೆಗೆ ಹಸಿರು, ಎರಡೂ ಒಂದೇ ಅಳತೆಯ ವೃತ್ತಗಳು. ಗೆಳೆಯರೊಬ್ಬರು ಆ ಸಂಜೆಯೆಲ್ಲ ನನ್ನ ಟೋಕನ್‌ಗಳನ್ನು ಎತ್ತಿ ಎತ್ತಿ ನೋಡುತ್ತಿದ್ದರು. ಆಟ ಮುಗಿದ ಮೇಲೆ, ಅವೆರಡೂ ತಮ್ಮ ಕಣ್ಣಿಗೆ ಒಂದೇ ಬಣ್ಣವೆಂದು ಮೆಲ್ಲಗೆ ಹೇಳಿದರು. ಕೆಂಪು ಹಸಿರುಗಳ ಭೇದ ಸರಿಯಾಗಿ ತಿಳಿಯದಿರುವುದು ಅಪರೂಪವೇನಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಹಾಗಿರುತ್ತದೆ. ಅವರು ಸುಮ್ಮನಿದ್ದು ಇಡೀ ಆಟ ಕಷ್ಟಪಟ್ಟರಲ್ಲ ಎಂಬ ನೋವು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆ ವಾರವೇ ಎಲ್ಲವನ್ನೂ ಹೊಸದಾಗಿ ಮಾಡಿದೆ. ಈಗ ವಿಷ ತ್ರಿಕೋನ, ಚೇತರಿಕೆ ಚೌಕ. ಬಣ್ಣ ಅದಕ್ಕೆ ಒತ್ತಾಸೆ ಮಾತ್ರ. ಯಾವ ಟೋಕನ್ ಮುಗಿಸಿದರೂ ಮೊಬೈಲ್‌ನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯುತ್ತೇನೆ. ಅದರಲ್ಲಿ ಬೇರೆ ಬೇರೆಯಾಗಿ ಕಾಣದವು ತಿದ್ದಲು ಮತ್ತೆ ಕೆಲಸದ ಮೇಜಿಗೆ ಬರುತ್ತವೆ. ಆಮೇಲೆ ಎದ್ದು ನಿಂತು, ಒಂದು ಮೀಟರ್ ದೂರದಿಂದ ಓದಲು ಬರುತ್ತದೆಯೇ ಎಂದು ನೋಡುತ್ತೇನೆ. ಒಂದು ಚಿತ್ರ ಅಥವಾ ಒಂದು ಅಕ್ಷರ, ಅದಕ್ಕಿಂತ ಹೆಚ್ಚು ತುರುಕಿದರೆ ಅಷ್ಟು ದೂರಕ್ಕೆ ಕಾಣುವುದಿಲ್ಲ.

ಕೊಂಡುತಂದ ಅಕ್ರಿಲಿಕ್ ಟೋಕನ್‌ಗಳ ಮೇಲೆ ನನಗೆ ಕೋಪವಿಲ್ಲ, ನನ್ನ ಡಬ್ಬಿಯಲ್ಲೂ ಕೆಲವು ಇವೆ. ಪಾರದರ್ಶಕವಾದವು ಮಾತ್ರ ಚಿತ್ರವಿರುವ ಹಾಸಿನ ಮೇಲೆ ಕರಗಿಹೋಗುತ್ತವೆ, ಅವನ್ನು ಬಳಸುವುದು ಬಿಟ್ಟಿದ್ದೇನೆ.

ನೀವೂ ಮಾಡಲು ಹೊರಟರೆ ಮುಂದಿನ ಆಟದಲ್ಲಿ ನೀವು ಅತಿ ಹೆಚ್ಚು ಸಲ ಮರೆಯುವ ಒಂದೇ ಸಂಗತಿಗೆ ಆರು ಚೌಕಗಳನ್ನು ಕತ್ತರಿಸಿ ನೋಡಿ. ಆರು ಬೇಕೆನಿಸಿದರೆ ಎಂಟು ಕತ್ತರಿಸಿ. ಎರಡಾದರೂ ಮೇಜಿನ ಕೆಳಗೆ ಬಿದ್ದು ಕಳೆದುಹೋಗುತ್ತವೆ.