ಅಮೆರಿಕದ ಮೋಟರ್‌ಹೋಂ, ಯುರೋಪಿನ ಮೋಟರ್‌ಹೋಂ: ಕೊಳ್ಳುವ ಮೊದಲು ಟಾಯ್ಲೆಟ್ ನೋಡಿ

ಮೋಟರ್‌ಹೋಂ (ಮಲಗೋಕೆ, ಅಡುಗೆಗೆ, ಟಾಯ್ಲೆಟ್ಟಿಗೆ ಎಲ್ಲಕ್ಕೂ ಜಾಗ ಇರುವ ಮನೆಯಂಥ ಗಾಡಿ) ಕೊಳ್ಳಲು ಹೋದವರು ಮೊದಲು ಮಂಚ ನೋಡುತ್ತಾರೆ, ಆಮೇಲೆ ಅಡುಗೆಮನೆ, ಆಮೇಲೆ ಟಿವಿ. ನೀವು ಮೊದಲು ಟಾಯ್ಲೆಟ್ ನೋಡಿ. ಅದು ಎಲ್ಲಿ ಖಾಲಿಯಾಗುತ್ತದೆ, ಎಷ್ಟು ದಿನಕ್ಕೊಮ್ಮೆ, ಯಾರ ಕೈಯಿಂದ ಅನ್ನೋದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಡೆಟ್ರಾಯಿಟ್ ಹತ್ತಿರ ಇದ್ದಾಗ ನಮ್ಮದೊಂದು 28 ಅಡಿಯ ಅಮೆರಿಕನ್ ಗಾಡಿ ಇತ್ತು. ಕೆಲಸ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ವರ್ಗ ಆದಾಗ ಅದನ್ನು ಮಾರಿ, ಇಲ್ಲಿ 7 ಮೀಟರಿನ ಒಂದನ್ನು ತೆಗೆದುಕೊಂಡೆವು. ಊರಿಂದ ಬಂದ ಅಪ್ಪ ಅಮ್ಮನನ್ನು ಎರಡರಲ್ಲೂ ಸುತ್ತಿಸಿದ್ದೇವೆ. ಅಲ್ಲಿ ಯೆಲ್ಲೋಸ್ಟೋನ್, ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನಗಳ ಕಡೆ. ಇಲ್ಲಿ ಆಲ್ಪ್ಸ್ ಪರ್ವತದ ಬ್ರೆನರ್ ಕಣಿವೆದಾರಿ ದಾಟಿ ಇಟಲಿಯ ಗಾರ್ಡಾ ಸರೋವರದ ಕಡೆ. ಈ ದಾರಿಗಳಲ್ಲಿ ಹೋಗುವವರಿಗೆ, ಗಾಡಿ ಕೊಳ್ಳೋದೋ ಬಾಡಿಗೆಗೆ ಸಾಕೋ ಅಂತ ಲೆಕ್ಕ ಹಾಕುತ್ತಿರುವವರಿಗೆ ಇದು.

ಅಮೆರಿಕದಲ್ಲಿ ಬಸ್ಸಿನ ಮುಖ ಇರುವುದು ಕ್ಲಾಸ್ ಎ, ವ್ಯಾನ್ ಆಕಾರದ್ದು ಕ್ಲಾಸ್ ಬಿ, ಡ್ರೈವರ್ ತಲೆ ಮೇಲೆ ಮಂಚ ಚಾಚಿಕೊಂಡಿರುವುದು ಕ್ಲಾಸ್ ಸಿ. ನಮ್ಮದು ಕ್ಲಾಸ್ ಸಿ, ಫೋರ್ಡ್ ಇ-450 ಚಾಸಿಸ್ ಮೇಲಿನದು. ಪೆಟ್ರೋಲ್ ವಿ-10 ಎಂಜಿನ್. ಲೀಟರಿಗೆ 4 ಕಿ.ಮೀ. ಕೊಟ್ಟರೆ ಖುಷಿ ಪಡಬೇಕು. ಯುರೋಪಿನಲ್ಲಿ ರಸ್ತೆ ಮೇಲೆ ಕಾಣುವ ಬಹಳಷ್ಟು ಮೋಟರ್‌ಹೋಂಗಳ ಕೆಳಗೆ ಫಿಯಟ್ ಡುಕಾಟೊ ವ್ಯಾನಿನ ಚಾಸಿಸ್ ಇರುತ್ತದೆ, ಡೀಸೆಲ್, 2.2 ಅಥವಾ 2.3 ಲೀಟರಿನದು. ನಮ್ಮದು ಸಮತಟ್ಟು ರಸ್ತೆಯಲ್ಲಿ ಲೀಟರಿಗೆ 9 ಕಿ.ಮೀ. ಆಸುಪಾಸು ಕೊಡುತ್ತದೆ. ಯುರೋಪಿನಲ್ಲಿ ಇಂಧನ ದುಬಾರಿ, ಆದರೂ ಕಿಲೋಮೀಟರ್ ಲೆಕ್ಕದಲ್ಲಿ ನಮಗೆ ಹೊರೆ ಅನ್ನಿಸಿಲ್ಲ.

ಈಗ ಟಾಯ್ಲೆಟ್. ಅಮೆರಿಕದ ಗಾಡಿಯಲ್ಲಿ ಕಮೋಡಿನ ಕೆಳಗೆ ಒಂದು ಟ್ಯಾಂಕ್ ಇರುತ್ತದೆ, ಅದನ್ನು ಬ್ಲ್ಯಾಕ್ ಟ್ಯಾಂಕ್ ಅನ್ನುತ್ತಾರೆ. ನಮ್ಮದರಲ್ಲಿ ನೂರು ಲೀಟರ್ ದಾಟಿ ಹಿಡಿಯುತ್ತಿತ್ತು. ಸಿಂಕು, ಬಚ್ಚಲಿನ ನೀರಿಗೆ ಗ್ರೇ ಟ್ಯಾಂಕ್ ಬೇರೆ. ಖಾಲಿ ಮಾಡೋಕೆ ಮೂರು ಇಂಚಿನ ದಪ್ಪ ಪೈಪು, ಅದರ ಒಂದು ತುದಿ ಗಾಡಿಗೆ, ಇನ್ನೊಂದು ನೆಲದಲ್ಲಿರುವ ತೂತಿಗೆ. ಕೈಗವಸು ಹಾಕಿಕೊಳ್ಳಿ. ಮೊದಲು ಬ್ಲ್ಯಾಕ್ ಕವಾಟ ಎಳೆಯಿರಿ, ಪೂರ್ತಿ ಹೋದಮೇಲೆ ಗ್ರೇ. ಸೋಪಿನ ನೀರು ಹಿಂದಿನಿಂದ ಬಂದು ಪೈಪನ್ನು ತೊಳೆಯುತ್ತದೆ. ಕ್ಯಾಂಪ್‌ನಲ್ಲಿ ಪೈಪು ಹೇಗೂ ಸಿಕ್ಕಿಸಿದ್ದೇವಲ್ಲ ಅಂತ ಬ್ಲ್ಯಾಕ್ ಕವಾಟವನ್ನು ತೆಗೆದೇ ಬಿಡಬೇಡಿ. ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥ ಕೆಳಗೆ ಗುಡ್ಡೆಯಾಗಿ ಕೂರುತ್ತದೆ, ಆಮೇಲೆ ಯಾವ ಪುಣ್ಯಾತ್ಮನೂ ಅದನ್ನು ಕರಗಿಸಲಾರ. ಮೂರರಲ್ಲಿ ಎರಡು ಭಾಗ ತುಂಬಿದಮೇಲೇ ಬಿಡಬೇಕು.

ಯುರೋಪಿನ ಗಾಡಿಯಲ್ಲಿ ಇರೋದು ಕ್ಯಾಸೆಟ್. ಕಮೋಡಿನ ಕೆಳಗೆ ಸೂಟ್‌ಕೇಸಿನಂಥ ಪ್ಲಾಸ್ಟಿಕ್ ಡಬ್ಬಿ, 17ರಿಂದ 20 ಲೀಟರ್. ಹೊರಗಡೆಯಿಂದ ಸಣ್ಣ ಬಾಗಿಲು ತೆಗೆದು ಎಳೆದುಕೊಂಡು, ಚಕ್ರ ಇದ್ದರೆ ಉರುಳಿಸಿಕೊಂಡು, ಕ್ಯಾಂಪಿನ ಮೂಲೆಯಲ್ಲಿರುವ ತೊಟ್ಟಿಗೆ ಸುರಿದು ಬರಬೇಕು. ಬೆಳಗ್ಗೆ ಎಂಟು ಗಂಟೆಗೆ ಜರ್ಮನ್ ಗಂಡಸರು ಒಂದು ಕೈಯಲ್ಲಿ ಕ್ಯಾಸೆಟ್ ಎಳೆದುಕೊಂಡು ಪರಸ್ಪರ ಗುಡ್ ಮಾರ್ನಿಂಗ್ ಹೇಳಿಕೊಳ್ಳುತ್ತಾರೆ. ಯಾರಿಗೂ ಮುಜುಗರ ಇಲ್ಲ. ಅಮ್ಮ ಮಾತ್ರ ಮೊದಲ ದಿನ ಬಾಗಿಲಲ್ಲಿ ನಿಂತು, "ಇದನ್ನ ನೀನೇ ಹೊತ್ಕೊಂಡು ಹೋಗ್ತೀಯೇನೋ? ಓದಿ ಇಂಜಿನಿಯರ್ ಆಗಿದ್ದು ಇದಕ್ಕಾ?" ಅಂದರು.

ತಮಾಷೆ ಇರಲಿ, ನಮ್ಮವರಿಗೆ ಇಲ್ಲೊಂದು ಲೆಕ್ಕ ಇದೆ. ಕ್ಯಾಸೆಟ್ ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ ಅಂತ ಅಂಗಡಿಯವರು ಹೇಳುವುದು ಕಾಗದ ಬಳಸುವವರ ಲೆಕ್ಕ. ನಾವು ಚೊಂಬಿನಲ್ಲಿ ನೀರು ಬಳಸುವವರು. ನಾಲ್ಕು ಜನ ದೊಡ್ಡವರಿದ್ದರೆ ದಿನಾ ಖಾಲಿ ಮಾಡಬೇಕು, ಕೆಲವೊಮ್ಮೆ ಎರಡು ಸಲ. ಎರಡನೇ ಕ್ಯಾಸೆಟ್ ಒಂದನ್ನು ಕೊಂಡು ಇಟ್ಟುಕೊಳ್ಳಿ, ಮತ್ತೆ ಕ್ಯಾಂಪ್‌ನಲ್ಲಿರುವಾಗ ಅಲ್ಲಿನ ಟಾಯ್ಲೆಟ್ಟನ್ನೇ ಬಳಸಿ. ಯುರೋಪಿನ ಕ್ಯಾಂಪುಗಳಲ್ಲಿ ಅದು ಸಾಮಾನ್ಯವಾಗಿ ಚೊಕ್ಕಟವಾಗಿರುತ್ತದೆ. ಅಪ್ಪ ಅಮ್ಮನಂಥ ವಯಸ್ಸಾದವರು ರಾತ್ರಿ ಮೂರು ಸಲ ಏಳುತ್ತಾರೆ, ಅವರನ್ನು ಕತ್ತಲಲ್ಲಿ ಹೊರಗೆ ಕಳಿಸೋಕಾಗಲ್ಲ. ಹಾಗಾಗಿ ದೊಡ್ಡ ಕುಟುಂಬ, ಒಂದೇ ಕಡೆ ನಾಲ್ಕಾರು ದಿನ ಅನ್ನುವವರಿಗೆ ಅಮೆರಿಕದ ಗಾಡಿಯೇ ಸುಖ. ಗಂಡ ಹೆಂಡತಿ, ಚಿಕ್ಕ ಮಗು, ದಿನಕ್ಕೊಂದು ಊರು ಅಂದರೆ ಕ್ಯಾಸೆಟ್ ಸಾಕು. ಅದನ್ನು ಯಾವ ಹಳ್ಳಿಯಲ್ಲಾದರೂ ಐದು ನಿಮಿಷದಲ್ಲಿ ಖಾಲಿ ಮಾಡಬಹುದು. ಅಮೆರಿಕದ ಗಾಡಿಗಾದರೆ ಡಂಪ್ ಸ್ಟೇಷನ್, ಅಂದರೆ ಟ್ಯಾಂಕ್ ಖಾಲಿ ಮಾಡುವ ಜಾಗ, ಹುಡುಕಿಕೊಂಡು ಹೋಗಬೇಕು.

ಗಾಡಿಯ ಆಕಾರ ಹುಟ್ಟಿರೋದು ನಿಲ್ಲುವ ಜಾಗದಿಂದ. ಅಮೆರಿಕದಲ್ಲಿ ಇಂಥ ಗಾಡಿಗಳಿಗೆ ಆರ್‌ವಿ ಅನ್ನುತ್ತಾರೆ. ಅಲ್ಲಿನ ಖಾಸಗಿ ಆರ್‌ವಿ ಪಾರ್ಕ್‌ಗಳಲ್ಲಿ ಸೈಟಿನ ಪಕ್ಕದಲ್ಲೇ ನೀರು, ಕರೆಂಟು, ಚರಂಡಿ ಮೂರೂ ಸಿಗುತ್ತವೆ. ಇದಕ್ಕೆ ಫುಲ್ ಹುಕಪ್ ಅನ್ನುತ್ತಾರೆ. ರಾಷ್ಟ್ರೀಯ ಉದ್ಯಾನಗಳ ಒಳಗೆ ಹಾಗಿಲ್ಲ. ಯೆಲ್ಲೋಸ್ಟೋನ್‌ನಲ್ಲಿ ಫುಲ್ ಹುಕಪ್ ಇರುವುದು ಫಿಶಿಂಗ್ ಬ್ರಿಡ್ಜ್ ಒಂದರಲ್ಲೇ. ಕರಡಿ ಕಾಟ ಇರೋದರಿಂದ ಅಲ್ಲಿಗೆ ಟೆಂಟ್ ಬಿಡುವುದಿಲ್ಲ, ಗಟ್ಟಿ ಗೋಡೆಯ ಗಾಡಿ ಮಾತ್ರ. ಬೇಸಿಗೆಗೆ ಅಲ್ಲಿ ಜಾಗ ಬೇಕಾದರೆ ಟಿಕೆಟ್ ಬುಕ್ ಮಾಡುವ ಮೊದಲೇ ಸೈಟ್ ಬುಕ್ ಮಾಡಿ. ಯುರೋಪಿನಲ್ಲಿ ಕ್ಯಾಂಪ್ ಜೊತೆಗೆ ಇನ್ನೊಂದು ವ್ಯವಸ್ಥೆ ಇದೆ. ಜರ್ಮನಿಯಲ್ಲಿ ಸ್ಟೆಲ್‌ಪ್ಲಾಟ್ಸ್, ಫ್ರಾನ್ಸ್‌ನಲ್ಲಿ ಏರ್. ಊರ ಅಂಚಿನ ಪಾರ್ಕಿಂಗ್ ಜಾಗವನ್ನೇ ಮೋಟರ್‌ಹೋಂಗಳಿಗೆ ಬಿಟ್ಟಿರುತ್ತಾರೆ, ನೀರು ಹಿಡಿಯೋಕೆ, ಕ್ಯಾಸೆಟ್ ಸುರಿಯೋಕೆ ಒಂದು ಕಂಬ ಇರುತ್ತದೆ. ಹತ್ತು ಹೆಜ್ಜೆಗೆ ಬೇಕರಿ. ಈ ಸುಖ ಅಮೆರಿಕದಲ್ಲಿ ಸಿಗಲಿಲ್ಲ.

ಅಲ್ಲಿ ದೊಡ್ಡ ಗಾಡಿ ನಿಲ್ಲಿಸಿದಮೇಲೆ ಹಾಲು ತರೋಕೂ ಕಾರು ಬೇಕು. ಅದಕ್ಕೇ ಅಮೆರಿಕನ್ನರು ಹಿಂದೆ ಜೀಪು ಕಟ್ಟಿಕೊಂಡು ಹೋಗುತ್ತಾರೆ, ಯುರೋಪಿನವರು ಎರಡು ಎಲೆಕ್ಟ್ರಿಕ್ ಸೈಕಲ್ ತೂಗುಹಾಕಿಕೊಂಡು. ನಮ್ಮ ಹತ್ತಿರ ಜೀಪು ಇರಲಿಲ್ಲ. ಗ್ಲೇಷಿಯರ್ ಉದ್ಯಾನದ ಗೋಯಿಂಗ್-ಟು-ದಿ-ಸನ್ ರಸ್ತೆಯ ನಡುಭಾಗದಲ್ಲಿ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ಗಾಡಿ ಬಿಡುವುದಿಲ್ಲ. ನೋಡಲು ಹೋದದ್ದೇ ಆ ರಸ್ತೆಯನ್ನು. ಮೊದಲೇ ಗೊತ್ತಿದ್ದರಿಂದ ಗಾಡಿಯನ್ನು ಕೆಳಗೆ ಬಿಟ್ಟು ಶಟಲ್ ಬಸ್ಸಿನಲ್ಲಿ ಹೋದೆವು. ಈಗಿನ 7 ಮೀಟರಿನ ಯುರೋಪಿಯನ್ ಗಾಡಿ ಇದ್ದಿದ್ದರೂ ಅಷ್ಟೇ, ಅದು 23 ಅಡಿ.

ಅಗಲದ ವಿಷಯಕ್ಕೆ ಬಂದರೆ, ಅಮೆರಿಕದ ಗಾಡಿಗಳು ಎರಡೂವರೆ ಮೀಟರ್ ಸುತ್ತಮುತ್ತ, ದೊಡ್ಡವು 102 ಇಂಚು, ಅಂದರೆ 2.59 ಮೀಟರ್. ಯುರೋಪಿನ ಮಿತಿಯೇ 2.55. ಇಲ್ಲಿನ ಸಾಮಾನ್ಯ ಮೋಟರ್‌ಹೋಂ 2.3 ಮೀಟರ್ ಅಗಲ ಇರುತ್ತದೆ, ಕನ್ನಡಿ ಬಿಟ್ಟು. ಗಾರ್ಡಾದ ಪಶ್ಚಿಮ ದಂಡೆಯ ರಸ್ತೆ ಬಂಡೆ ಕೊರೆದ ಸುರಂಗಗಳ ಸಾಲು. ಎದುರಿಂದ ಬಸ್ಸು ಬಂದಾಗ ಆ ಕಾಲು ಮೀಟರಿನ ಬೆಲೆ ಗೊತ್ತಾಗುತ್ತದೆ. ಮೊದಲ ಸಲ ಹೋಗುವವರು ಪೂರ್ವ ದಂಡೆಯ ರಸ್ತೆಯಲ್ಲೇ ಹೋಗಿ. ಜರ್ಮನಿಯ ಆಟೋಬಾನ್‌ನಲ್ಲಿ ಕಾಮಗಾರಿ ಇರುವ ಕಡೆ ಎಡ ಲೇನಿಗೆ ಅಗಲದ ಮಿತಿ ಬರೆದಿರುತ್ತಾರೆ, ಕನ್ನಡಿ ಸೇರಿಸಿ. ಸುಮ್ನೆ ಬಲಗಡೆ ಲಾರಿಗಳ ಹಿಂದೆ ಇರಿ.

ಯುರೋಪಿನಲ್ಲಿ ನಿಮ್ಮನ್ನು ಕಾಡುವುದು ತೂಕ. ಕಾರಿನ ಬಿ ಲೈಸೆನ್ಸಿಗೆ 3.5 ಟನ್ ಮಿತಿ ಅಂತಲೇ ಬಹುಪಾಲು ಗಾಡಿಗಳನ್ನು ಅಷ್ಟಕ್ಕೇ ಕಟ್ಟುತ್ತಾರೆ. ಅಮೆರಿಕದಲ್ಲಿ ಬಹುತೇಕ ರಾಜ್ಯಗಳಲ್ಲಿ ಮಾಮೂಲಿ ಕಾರ್ ಲೈಸೆನ್ಸ್ ಇಟ್ಟುಕೊಂಡು 26,000 ಪೌಂಡ್, ಅಂದರೆ 11 ಟನ್ ದಾಟಿದ ಗಾಡಿಯನ್ನೂ ಓಡಿಸಬಹುದು. ನಮ್ಮ ಹಳೇ ಗಾಡಿಯ ಒಟ್ಟು ತೂಕದ ಮಿತಿ ಆರೂವರೆ ಟನ್. ಅದನ್ನು ಇಲ್ಲಿ ಓಡಿಸೋಕೆ ಸಿ1, ಅಂದರೆ ಸಣ್ಣ ಲಾರಿಯ ಲೈಸೆನ್ಸ್ ಬೇಕು. ಊರಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬರುವವರೂ ಇದನ್ನು ಗಮನಿಸಿ. ಅದರಲ್ಲಿ ಬಿ ವರ್ಗಕ್ಕೆ ಮಾತ್ರ ಮುದ್ರೆ ಇದ್ದರೆ 3.5 ಟನ್ ಅಷ್ಟೇ.

ಮಾರುವವರು "ಐನೂರು ಕೆಜಿ ಹೇರಬಹುದು" ಅಂದಾಗ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಲೆಕ್ಕದಲ್ಲಿ ನೀರು ಎಷ್ಟು? ಎಷ್ಟೋ ಗಾಡಿಗಳ ಕಾಗದದಲ್ಲಿ ನೂರು ಲೀಟರಿನ ಟ್ಯಾಂಕಿಗೆ 20 ಲೀಟರ್ ಮಾತ್ರ ಹಿಡಿದಿರುತ್ತಾರೆ. ಉಳಿದ 80 ಕೆಜಿ ನಿಮ್ಮ ಪಾಲಿನದು. ಅದರ ಮೇಲೆ ಸೈಕಲ್, ಬಿಸಿಲುಚಪ್ಪರ, ಎರಡನೇ ಬ್ಯಾಟರಿ, ಮೂವರು ಪ್ರಯಾಣಿಕರು, ಕೊನೆಗೆ ಅಮ್ಮನ ಹತ್ತು ಕೆಜಿ ಸೋನಾ ಮಸೂರಿ. ಹೊರಡುವ ಮೊದಲು ಎಲ್ಲರನ್ನೂ ಕೂರಿಸಿಕೊಂಡು ಲಾರಿ ತೂಗುವ ವೇಬ್ರಿಡ್ಜಿಗೆ ಹೋಗಿ ಬನ್ನಿ. ಆಲ್ಪ್ಸ್ ದಾರಿಯಲ್ಲಿ ಪೊಲೀಸರು ನಿಜವಾಗಿಯೂ ತೂಗುತ್ತಾರೆ. 3.5 ಟನ್ ದಾಟಿದ ಗಾಡಿಗೆ ಆಸ್ಟ್ರಿಯಾದಲ್ಲಿ ವಿನೆಟ್ (ಇಷ್ಟು ದಿನಕ್ಕೆ ಅಂತ ಕೊಳ್ಳುವ ಹೆದ್ದಾರಿ ಪಾಸು) ನಡೆಯಲ್ಲ, ಗೋ-ಬಾಕ್ಸ್ ಅನ್ನೋ ಯಂತ್ರ ಹಾಕಿ ಕಿಲೋಮೀಟರ್ ಲೆಕ್ಕದಲ್ಲಿ ಟೋಲ್ ಕಟ್ಟಬೇಕು. ಇನ್ನೊಂದು: ಎಷ್ಟು ಜನ ಮಲಗಬಹುದು ಅಂತ ಕೇಳಬೇಡಿ, ಎಷ್ಟು ಸೀಟ್‌ಬೆಲ್ಟ್ ಇದೆ ಅಂತ ಕೇಳಿ. ಎರಡೂ ಸಂಖ್ಯೆ ಒಂದೇ ಇರಬೇಕು ಅಂತಿಲ್ಲ.

ಅಡುಗೆ, ಕರೆಂಟು. ಅಮೆರಿಕದ್ದು 120 ವೋಲ್ಟ್, 30 ಆಂಪ್ ಅಥವಾ 50 ಆಂಪ್ ಸಾಕೆಟ್. 30 ಆಂಪ್ ಅಂದರೆ 3,600 ವಾಟ್. ಎಸಿ ಓಡುತ್ತಿರುವಾಗ ಮೈಕ್ರೋವೇವ್ ಹಾಕಿ, ಮೇಲೆ ಇನ್ನೇನಾದರೂ ಹಾಕಿದರೆ ಫಟ್. ಊರಿನ ಮಿಕ್ಸಿ ಅಲ್ಲಿ ತಿರುಗಲ್ಲ, 110 ವೋಲ್ಟಿನದೇ ಬೇಕು. ಯುರೋಪಿನಲ್ಲಿ 230 ವೋಲ್ಟ್, ಊರಿನ ಮಿಕ್ಸಿ ಆರಾಮಾಗಿ ನಡೆಯುತ್ತದೆ. ಆದರೆ ಇಟಲಿಯ ಕ್ಯಾಂಪುಗಳಲ್ಲಿ ಎಷ್ಟೋ ಕಡೆ 6 ಆಂಪ್ ಮಾತ್ರ, ಅಂದರೆ 1,380 ವಾಟ್. 750 ವಾಟಿನ ಮಿಕ್ಸಿಗೆ ಚಟ್ನಿ ಹಾಕಬಹುದು, ಎರಡು ಸಾವಿರ ವಾಟಿನ ಕೆಟಲ್ ಹಾಕಿದರೆ ಕರೆಂಟು ಹೋಗುತ್ತದೆ. ಇಂಡಕ್ಷನ್ ಸ್ಟೌ ಮನೆಯಲ್ಲೇ ಬಿಟ್ಟು ಬನ್ನಿ.

ಒಗ್ಗರಣೆ ಎರಡರಲ್ಲೂ ಪೀಕಲಾಟವೇ. ಸ್ಮೋಕ್ ಅಲಾರಂ ಒಲೆಯಿಂದ ಒಂದು ಮಾರು ದೂರ ಇರುತ್ತದೆ. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಬಿದ್ದ ಕೂಡಲೇ ಶುರು. "ಏನೋ ಇದು, ಒಗ್ಗರಣೆ ಹಾಕಿದ್ರೆ ಮನೆ ಬೆಂಕಿ ಹತ್ತಿದ ಹಾಗೆ ಕಿರುಚ್ಕೊಳ್ಳುತ್ತಲ್ಲೋ" ಅಂತ ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಅಲಾರಂ ಕಿತ್ತಿಡಬೇಡಿ, ಜೀವದ ಪ್ರಶ್ನೆ. ಚಪ್ಪರದ ಕೆಳಗೆ ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡು ಹೊರಗೇ ಒಗ್ಗರಣೆ ಹಾಕಿ. ಗ್ಯಾಸಿನ ಬಗ್ಗೆ: ಅಮೆರಿಕದಲ್ಲಿ ಗಾಡಿಗೇ ಕೂರಿಸಿದ ಪ್ರೊಪೇನ್ ಟ್ಯಾಂಕು, ಬಂಕಿನಲ್ಲಿ ತುಂಬಿಸಿಕೊಡುತ್ತಾರೆ. ಜರ್ಮನಿಯದು 11 ಕೆಜಿ ಸಿಲಿಂಡರ್, ಅದನ್ನು ಇಟಲಿಯಲ್ಲಿ ಬದಲಿಸಿ ಕೊಡಲ್ಲ. ಎರಡು ತುಂಬಿದ್ದು ಇಟ್ಟುಕೊಂಡು ಹೊರಡಿ.

ಕೊಂಡಮೇಲಿನ ಕಷ್ಟ ಬೇರೆಯೇ. ಡೆಟ್ರಾಯಿಟ್ ಇರುವ ಮಿಷಿಗನ್‌ನಲ್ಲಿ ನಮ್ಮ ಬಡಾವಣೆಯ ಮನೆ ಮಾಲೀಕರ ಸಂಘ ಡ್ರೈವ್‌ವೇಯಲ್ಲಿ ಆರ್‌ವಿ ನಿಲ್ಲಿಸೋಕೆ ಬಿಡುತ್ತಿರಲಿಲ್ಲ. ತಿಂಗಳ ಬಾಡಿಗೆ ಕೊಟ್ಟು ದೂರದಲ್ಲಿ ಇಡಬೇಕಾಯಿತು. ಮನೆ ಪತ್ರದ ಜೊತೆ ಬರುವ ಆ ನಿಯಮಾವಳಿ ಓದಿಯೇ ಗಾಡಿ ನೋಡಲು ಹೋಗಿ. ಚಳಿಗಾಲಕ್ಕೆ ಮುಂಚೆ ಪೈಪಿನ ನೀರೆಲ್ಲ ತೆಗೆದು ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ತುಂಬಬೇಕು. ಇಲ್ಲಿನ ನಮ್ಮ ಟ್ರೂಮಾ ಹೀಟರಿನಲ್ಲಿ ಸುಮಾರು 3 ಡಿಗ್ರಿಗೆ ಇಳಿದರೆ ಕವಾಟ ತಾನೇ ತೆರೆದು ಬಾಯ್ಲರಿನ ನೀರು ಸುರಿದುಬಿಡುತ್ತದೆ. ಒಳ್ಳೆಯ ಏರ್ಪಾಡು.

ಎರಡಕ್ಕೂ ಶತ್ರು ನೀರು ಸೋರೋದು. ಅಮೆರಿಕದ ಗಾಡಿಯ ರಬ್ಬರ್ ಚಾವಣಿ ಮೇಲೆ ವರ್ಷಕ್ಕೆ ಎರಡು ಸಲವಾದರೂ ಹತ್ತಿ, ಕಿಂಡಿ, ಎಸಿ ಸುತ್ತಲಿನ ಸೀಲಂಟ್ ಬಿರುಕು ಬಿಟ್ಟಿದೆಯಾ ನೋಡಬೇಕು, ಬಿಟ್ಟಿದ್ದರೆ ಹೊಸದು ಸುರಿಯಬೇಕು. ಹಳೆಯದು ಕೊಳ್ಳುವಾಗ ಮೂಲೆಗಳಲ್ಲಿ, ಕಿಟಕಿ ಕೆಳಗೆ ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಒಳಗೆ ಹೋದರೆ ನಮಸ್ಕಾರ ಹೇಳಿ ಬನ್ನಿ. ಸ್ಲೈಡ್-ಔಟ್ ಇದ್ದರೆ, ಅಂದರೆ ಗೋಡೆಯೇ ಹೊರಗೆ ಸರಿಯುವ ಕೋಣೆ, ಅದರ ಅಂಚಿನ ರಬ್ಬರ್ ಇನ್ನೊಂದು ಚಿಂತೆ. ಸರಿದಾಗ ಸಿಗುವ ಜಾಗ ಮಾತ್ರ ಅಪ್ಪನಿಗೆ ಬಹಳ ಹಿಡಿಸಿತ್ತು, ಪೇಪರ್ ಅಗಲಕ್ಕೆ ಬಿಚ್ಚಿ ಓದಬಹುದಿತ್ತಂತೆ. ಜರ್ಮನಿಯಲ್ಲಿ ವರ್ಷಕ್ಕೊಮ್ಮೆ ತೇವ ಅಳೆಯುವ ಯಂತ್ರದಿಂದ ಪರೀಕ್ಷೆ ಮಾಡಿಸಿ ಪುಸ್ತಕದಲ್ಲಿ ಮುದ್ರೆ ಹಾಕಿಸುತ್ತಾರೆ, ಇಲ್ಲದಿದ್ದರೆ ಸೋರಿಕೆಗೆ ವಾರಂಟಿ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆ ಪುಸ್ತಕ ಕೇಳಿ.

ಅಮೆರಿಕದಿಂದ ಯುರೋಪಿಗೆ ವರ್ಗವಾಗುವವರು ಗಾಡಿಯನ್ನೂ ಹಡಗಿಗೆ ಹಾಕುವ ಆಸೆ ಬಿಡಿ. ವೋಲ್ಟೇಜು, ದೀಪಗಳು, ಅಗಲ, ಲೈಸೆನ್ಸ್, ಬಿಡಿಭಾಗ, ಎಲ್ಲಕ್ಕೂ ಒಬ್ಬೊಬ್ಬರ ಬಾಗಿಲು ತಟ್ಟಬೇಕು. ತಮಾಷೆ ಅಂದರೆ, ಅಮೆರಿಕದ ಮೋಟರ್‌ಹೋಂ ತಯಾರಕ ಥಾರ್ ಕಂಪನಿ 2019ರಲ್ಲೇ ಜರ್ಮನಿಯ ಅದೇ ಕಸುಬಿನ ಹೈಮರ್ ಸಮೂಹವನ್ನು ಕೊಂಡಿದೆ. ಯಜಮಾನ ಒಬ್ಬನೇ ಆದರೂ ಅಲ್ಲಿನದು ಅಲ್ಲಿನ ಹಾಗೇ, ಇಲ್ಲಿನದು ಇಲ್ಲಿನ ಹಾಗೇ. ಹೈಮರ್ ಊರು ಬಾಡ್ ವಾಲ್ಡ್‌ಸೇ, ಸ್ಟುಟ್‌ಗಾರ್ಟ್‌ನಿಂದ ಆಲ್ಪ್ಸ್ ಕಡೆ ಹೋಗುವಾಗ ಸ್ವಲ್ಪ ಬಳಸಿದರೆ ಸಿಗುತ್ತದೆ. ಅಲ್ಲಿನ ಮ್ಯೂಸಿಯಂನಲ್ಲಿ ಹಳೇ ಕಾರವಾನ್‌ಗಳನ್ನು ನೋಡಿಕೊಂಡು ಹೋಗಿ.

ಬ್ರೆನರ್ ದಾರಿಗೆ ಕೊನೆಯ ಮಾತು. ವಿನೆಟ್ ಇದ್ದರೂ ಬ್ರೆನರ್ ಹೆದ್ದಾರಿಗೆ ಟೋಲ್ ಬೇರೆ. 2025ರಿಂದ ಅಲ್ಲಿನ ಲುಯೆಗ್ ಸೇತುವೆಯ ಕಾಮಗಾರಿ ನಡೆದಿದೆ, ಹೆಚ್ಚಿನ ದಿನ ಒಂದೊಂದೇ ಲೇನು. ಬೇಸಿಗೆ ರಜೆಯ ಶನಿವಾರ ಬೇಡವೇ ಬೇಡ. ಜಾಮ್ ತಪ್ಪಿಸೋಕೆ ನಕ್ಷೆ ತೋರಿಸುವ ಹಳ್ಳಿ ರಸ್ತೆಗೂ ಇಳಿಯಬೇಡಿ, ರಜಾ ದಿನಗಳ ವಾರಾಂತ್ಯದಲ್ಲಿ ಆಸ್ಟ್ರಿಯಾದ ಟಿರೋಲ್ ರಾಜ್ಯದವರು ಅವನ್ನು ಹೊರಗಿನವರಿಗೆ ಮುಚ್ಚುತ್ತಾರೆ. ಟಿರೋಲ್‌ನಲ್ಲಿ ರಸ್ತೆ ಬದಿ ಮಲಗುವಂತೆಯೂ ಇಲ್ಲ. ಹಿಂದಿನ ರಾತ್ರಿ ಇನ್ ನದಿ ಕಣಿವೆಯ ಯಾವುದಾದರೂ ಕ್ಯಾಂಪಿನಲ್ಲಿ ತಂಗಿ, ಬೆಳಗ್ಗೆ ಐದಕ್ಕೇ ಹೊರಡಿ. ಗಾರ್ಡಾದ ಎಷ್ಟೋ ಕ್ಯಾಂಪುಗಳು ಮಧ್ಯಾಹ್ನ ಒಂದರಿಂದ ಮೂರರವರೆಗೆ ಗೇಟು ಹಾಕಿಕೊಂಡು ಮಲಗಿಬಿಡುತ್ತವೆ, ಅಷ್ಟರೊಳಗೆ ಒಳಗಿರಬೇಕು.